ದನಿ ಒಂದು, ಬೇರು ಹಲವು

ದಕ್ಷಿಣ ಕೊರಿಯಾದ ದೊಡ್ಡ ಆಸ್ಪತ್ರೆಗಳಲ್ಲಿ 'ಸೋಹ್ವಾಗಿ' ಎಂಬ ಪದ ಎರಡು ಕಡೆ ಕಾಣುತ್ತದೆ. ಗೋಡೆಗೆ ತೂಗುಹಾಕಿದ ಕೆಂಪು ಸಿಲಿಂಡರಿನ ಮೇಲೆ ಅದು ಬೆಂಕಿ ಆರಿಸುವ ಉಪಕರಣ. ಅದೇ ಮೊಗಸಾಲೆಯ ಆಚೆ ತುದಿಯಲ್ಲಿ, 'ಸೋಹ್ವಾಗಿ ನೇಗ್ವಾ' ಎಂದು ಬರೆದ ಬಾಗಿಲ ಮೇಲೆ ಅದು ಜೀರ್ಣಾಂಗ. ಬರೆಯುವುದು ಒಂದೇ ರೀತಿ, ಉಚ್ಚರಿಸುವುದೂ ಒಂದೇ ರೀತಿ. ಚೀನೀ ಲಿಪಿಯಲ್ಲಿ ಬರೆದರೆ ಮಾತ್ರ ವ್ಯತ್ಯಾಸ ಕಾಣುತ್ತದೆ. ಮೂರು ಅಕ್ಷರಗಳಲ್ಲಿ ಮೊದಲಿನದೂ ಕೊನೆಯದೂ ಎರಡು ಪದಗಳಲ್ಲೂ ಅವೇ. ನಡುವಿನ 'ಹ್ವಾ' ಒಂದರಲ್ಲಿ 'ಬೆಂಕಿ', ಇನ್ನೊಂದರಲ್ಲಿ 'ಮಾರ್ಪಾಡು'.

ಈ ಎರಡು ಫಲಕಗಳ ನಡುವೆ ಯಾವ ರೋಗಿಯೂ ಗಲಿಬಿಲಿಗೊಳ್ಳುವುದಿಲ್ಲ. ಆದರೂ ಇಂಥ ಪದಗಳನ್ನು ಮುಂದಿಟ್ಟುಕೊಂಡು ಕೊರಿಯಾದಲ್ಲಿ ಮುಕ್ಕಾಲು ಶತಮಾನದಿಂದ ಒಂದು ವಾದ ನಡೆಯುತ್ತಿದೆ. ಕೊರಿಯನ್ ಭಾಷೆಯನ್ನು ಅದರ ಸ್ವಂತ ಲಿಪಿಯಾದ ಹಂಗುಲ್‌ನಲ್ಲಿ ಮಾತ್ರ ಬರೆಯಬೇಕೋ, ಚೀನೀ ಮೂಲದ ಪದಗಳನ್ನು ಚೀನೀ ಅಕ್ಷರಗಳಲ್ಲೇ ಬೆರೆಸಿ ಬರೆಯಬೇಕೋ? ಆ ಅಕ್ಷರಗಳಿಗೆ ಕೊರಿಯನ್ನರು ಕೊಟ್ಟ ಹೆಸರು ಹಂಜಾ. ಹಂಜಾ ಗೊತ್ತಿಲ್ಲದ ತಲೆಮಾರು ತನ್ನ ಭಾಷೆಯನ್ನು ಅರೆಬರೆ ಬಲ್ಲದು ಎನ್ನುವವರು ಒಂದು ಕಡೆ. ಹಂಗುಲ್ ಸಾಕು, ಉಳಿದದ್ದು ಹಳೆಯ ಹೊರೆ ಎನ್ನುವವರು ಇನ್ನೊಂದು ಕಡೆ. ಎರಡೂ ಪಕ್ಷದಲ್ಲಿ ಭಾಷೆಯನ್ನು ಮನಸಾರೆ ಪ್ರೀತಿಸುವವರಿದ್ದಾರೆ. ಆದ್ದರಿಂದಲೇ ಎರಡೂ ಮಾತನ್ನು ನಿಧಾನವಾಗಿ ಕೇಳಬೇಕು.

ಇಷ್ಟೊಂದು ಪದಗಳು ಒಂದೇ ದನಿಗೆ ಬಂದು ನಿಂತದ್ದು ಹೇಗೆ ಎಂಬುದರಿಂದ ತೊಡಗೋಣ. ಕೊರಿಯನ್ ಮತ್ತು ಚೀನೀ ಭಾಷೆಗಳು ಒಂದೇ ಕುಟುಂಬದವಲ್ಲ. ಆದರೆ ಸಾವಿರಾರು ವರ್ಷಗಳ ಒಡನಾಟದಲ್ಲಿ ಆಡಳಿತ, ಧರ್ಮ, ವಿದ್ಯೆಗಳ ಜೊತೆಗೆ ಪದಗಳೂ ಚೀನಾದಿಂದ ಬಂದವು. ಇವತ್ತಿನ ಕೊರಿಯನ್ ನಿಘಂಟು ತೆರೆದರೆ ಅರ್ಧಕ್ಕಿಂತ ಹೆಚ್ಚು ಪದಗಳು ಚೀನೀ ಬೇರಿನವು. ದಿನನಿತ್ಯದ ಮಾತಿನಲ್ಲಿ ಅವುಗಳ ಪಾಲು ಕಡಿಮೆ. ಊಟ, ನಿದ್ದೆ, ನಡಿಗೆ, ನೋವಿಗೆಲ್ಲ ಅಚ್ಚ ಕೊರಿಯನ್ ಪದಗಳೇ ಇವೆ. ಕಾನೂನು, ವೈದ್ಯ, ಪತ್ರಿಕೆ, ಪಠ್ಯಪುಸ್ತಕಗಳ ಕಡೆ ಹೋದಷ್ಟೂ ಚೀನೀ ಬೇರಿನ ಪದಗಳು ದಟ್ಟವಾಗುತ್ತವೆ.

ಚೀನೀ ಭಾಷೆಯಲ್ಲಿ ಒಂದೇ ಉಚ್ಚಾರದ ಅಕ್ಷರಗಳನ್ನು ಬೇರ್ಪಡಿಸುವುದು ದನಿಯ ಏರಿಳಿತ. ಕೊಳ್ಳುವುದು ಮತ್ತು ಮಾರುವುದು ಎರಡೂ ಅಲ್ಲಿ 'ಮಾಯ್' ಎಂದೇ ಕೇಳಿಸಿದರೂ ಕೊಳ್ಳುವುದರ ದನಿ ತಗ್ಗಿ ಏರುತ್ತದೆ, ಮಾರುವುದರ ದನಿ ಇಳಿಯುತ್ತದೆ. ಚೀನೀ ಕಿವಿಗೆ ಅಷ್ಟು ಸಾಕು. ಕೊರಿಯಾಕ್ಕೆ ಬಂದಾಗ ಎರಡೂ 'ಮೆ' ಆದವು. ಹದಿನೈದನೇ ಶತಮಾನದ ಕೊರಿಯನ್ ಭಾಷೆಗೂ ಅದರದೇ ಏರಿಳಿತವಿತ್ತು. ಆಗಿನ ಪುಸ್ತಕಗಳಲ್ಲಿ ಅಕ್ಷರದ ಎಡಕ್ಕೆ ಚುಕ್ಕೆ ಇಟ್ಟು ಅದನ್ನು ಗುರುತಿಸುತ್ತಿದ್ದರು. ಚುಕ್ಕೆ ಇಲ್ಲದಿದ್ದರೆ ತಗ್ಗು ದನಿ, ಒಂದಿದ್ದರೆ ಎತ್ತರದ್ದು, ಎರಡಿದ್ದರೆ ಏರುವ ದನಿ. ಹದಿನಾರನೇ ಶತಮಾನ ಮುಗಿಯುವ ಹೊತ್ತಿಗೆ ರಾಜಧಾನಿಯ ಮಾತಿನಿಂದ ಆ ಏರಿಳಿತ ಅಳಿಯಿತು, ಬರಹದಿಂದ ಚುಕ್ಕೆಗಳೂ ಹೋದವು. ಆಗ್ನೇಯದ ಗ್ಯೊಂಗ್‌ಸಾಂಗ್ ಸೀಮೆಯಂಥ ಕೆಲವು ಕಡೆಯ ಮಾತಿನಲ್ಲಿ ಅದು ಇನ್ನೂ ಉಳಿದಿದೆ. ಸಿಯೋಲ್ ಮಾತಿನಲ್ಲಿ ಸ್ವರವನ್ನು ಗಿಡ್ಡ-ಉದ್ದ ಮಾಡಿ ಪದಗಳನ್ನು ಬೇರ್ಪಡಿಸುವ ಕ್ರಮ ಇದ್ದದ್ದೂ ಕಿರಿಯರ ಬಾಯಲ್ಲಿ ಈಗ ಸವೆದುಹೋಗಿದೆ.

ಇದರ ಮೇಲೆ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಇನ್ನೊಂದು ಅಲೆ ಬಂತು. ಪಶ್ಚಿಮದ ಹೊಸ ವಿಚಾರಗಳಿಗೆ ಜಪಾನೀ ವಿದ್ವಾಂಸರು ಚೀನೀ ಅಕ್ಷರಗಳನ್ನು ಜೋಡಿಸಿ ಸಾವಿರಾರು ಪದಗಳನ್ನು ಕಟ್ಟಿದರು. ತತ್ತ್ವಶಾಸ್ತ್ರಕ್ಕೆ ನಿಶಿ ಅಮಾನೆ ಕಟ್ಟಿದ 'ತೆತ್ಸುಗಾಕು' ಕೊರಿಯಾದಲ್ಲಿ 'ಚೊರ್ಹಾಕ್' ಆಯಿತು. ಈ ಪದಗಳು ಹುಟ್ಟಿದ್ದು ಕಣ್ಣಿಗಾಗಿ. ಅಕ್ಷರ ನೋಡಿದವರಿಗೆ ಅರ್ಥ ಹೊಳೆಯಬೇಕು, ಕಿವಿಗೆ ಹೇಗೆ ಕೇಳಿಸುತ್ತದೆ ಎಂಬುದು ಆಮೇಲಿನ ಮಾತು. ಕೊರಿಯಾ ಆ ಪದಗಳನ್ನು ಇಟ್ಟುಕೊಂಡು, ಮುಂದೆ ಅಕ್ಷರಗಳನ್ನು ಕೈಬಿಟ್ಟಿತು. ಇಂದಿನ ಸಮಸ್ಯೆಯ ಬಹುಪಾಲು ಈ ಎರಡು ಹೆಜ್ಜೆಗಳ ನಡುವೆ ಹುಟ್ಟಿದ್ದು.

ಫಲಿತಾಂಶ ನೋಡಬೇಕಾದರೆ 'ಸಾಗಿ' ಎಂಬ ಪದ ತೆಗೆದುಕೊಳ್ಳಿ. ಅದು ಮೋಸವೂ ಹೌದು, ಸೈನಿಕರ ಉತ್ಸಾಹವೂ ಹೌದು, ಪಿಂಗಾಣಿ ಪಾತ್ರೆಯೂ ಹೌದು, ಸಾವಿನ ಗಳಿಗೆಯೂ ಹೌದು, ಚೀನಾದ ಸಿಮಾ ಚಿಯನ್ ಬರೆದ ಪ್ರಾಚೀನ ಇತಿಹಾಸ ಗ್ರಂಥದ ಕೊರಿಯನ್ ಹೆಸರೂ ಹೌದು. 'ಸುದೋ' ಎಂದರೆ ರಾಜಧಾನಿ, ನಲ್ಲಿ ನೀರಿನ ವ್ಯವಸ್ಥೆ, ಧಾರ್ಮಿಕ ಸಾಧನೆ. 'ಜೊನ್‌ಗಿ' ಎಂದರೆ ವಿದ್ಯುತ್ತು, ಜೀವನಚರಿತ್ರೆ, ಮೊದಲ ಅವಧಿ, ಬದುಕಿನ ತಿರುವು. ನಿಘಂಟಿನಲ್ಲಿ ಇಂಥ ಪದಗಳ ತಲೆಯ ಮೇಲೆ ಒಂದು, ಎರಡು, ಮೂರು ಎಂದು ಅಂಕಿ ಹಾಕಿ ಸಾಲಾಗಿ ನಿಲ್ಲಿಸಿರುತ್ತಾರೆ.

ಲಿಪಿಯ ಕಥೆ ಇದಕ್ಕಿಂತ ಹಳೆಯದು. ರಾಜ ಸೆಜೋಂಗ್ 1443ರಲ್ಲಿ ಹಂಗುಲ್ ರೂಪಿಸಿ 1446ರಲ್ಲಿ ಹೊರತಂದ. ಚೀನೀ ಅಕ್ಷರ ಕಲಿಯಲಾಗದ ಸಾಮಾನ್ಯ ಜನ ತಮ್ಮ ಮನಸ್ಸಿನ ಮಾತನ್ನು ಬರೆದು ತಿಳಿಸಲಾರರು ಎಂಬ ಕೊರಗನ್ನು ಅವನೇ ಮುನ್ನುಡಿಯಲ್ಲಿ ತೋಡಿಕೊಂಡಿದ್ದಾನೆ. 1444ರಲ್ಲೇ ಚ್ವೆ ಮಾನ್ರಿ ಮುಂತಾದ ಆಸ್ಥಾನ ವಿದ್ವಾಂಸರು ವಿರೋಧದ ಮನವಿ ಸಲ್ಲಿಸಿದ್ದರು. ಚೀನಾದ ನಾಗರಿಕತೆಯಿಂದ ದೂರವಾಗುತ್ತೇವೆ, ಸುಲಭದ ಲಿಪಿ ಸಿಕ್ಕರೆ ಯಾರೂ ಗಟ್ಟಿ ವಿದ್ಯೆಗೆ ಕೈಹಾಕುವುದಿಲ್ಲ ಎಂಬುದು ಅವರ ಅಂಜಿಕೆ. ಆ ಅಂಜಿಕೆಯ ಎಳೆ ಇಂದಿನ ವಾದದಲ್ಲೂ ಇದೆ.

ಮುಂದಿನ ನಾಲ್ಕೂವರೆ ಶತಮಾನ ಆಡಳಿತ ಮತ್ತು ವಿದ್ವತ್ತು ಚೀನೀ ಅಕ್ಷರದಲ್ಲೇ ನಡೆದವು. ಹಂಗುಲ್ ಹೆಂಗಸರ ಪತ್ರಗಳಲ್ಲಿ, ಕಥೆ-ಹಾಡುಗಳಲ್ಲಿ ಬದುಕಿತು. 1894ರ ಸುಧಾರಣೆಯಲ್ಲಿ ಸರ್ಕಾರಿ ಬರಹಕ್ಕೆ ಹಂಗುಲ್ ಆಧಾರವಾಗಬೇಕೆಂದು ಆಜ್ಞೆ ಹೊರಟಿತು. 1896ರಲ್ಲಿ ಸೊ ಜೆಪಿಲ್ ಹೊರಡಿಸಿದ 'ದೊಂಗ್ನಿಪ್ ಶಿನ್ಮುನ್' ಪತ್ರಿಕೆ ಬರೀ ಹಂಗುಲ್‌ನಲ್ಲಿ, ಪದಗಳ ನಡುವೆ ಜಾಗ ಬಿಟ್ಟು ಅಚ್ಚಾಯಿತು. ಜಪಾನೀ ಆಳ್ವಿಕೆಯಲ್ಲಿ 1942ರಲ್ಲಿ ನಿಘಂಟು ಕಟ್ಟುತ್ತಿದ್ದ ಕೊರಿಯನ್ ಭಾಷಾ ಸಂಘದ ವಿದ್ವಾಂಸರನ್ನು ಬಂಧಿಸಲಾಯಿತು. ಅವರಲ್ಲಿ ಇಬ್ಬರು ಸೆರೆಯಲ್ಲೇ ತೀರಿಕೊಂಡರು. ಅಲ್ಲಿಂದಾಚೆಗೆ ಹಂಗುಲ್ ಎಂದರೆ ಲಿಪಿಯಷ್ಟೇ ಅಲ್ಲ, ಸ್ವಾತಂತ್ರ್ಯದ ಗುರುತು.

ಸ್ವತಂತ್ರ ದಕ್ಷಿಣ ಕೊರಿಯಾ 1948ರ ಅಕ್ಟೋಬರ್‌ನಲ್ಲಿ ಸರ್ಕಾರಿ ಕಡತಗಳೆಲ್ಲ ಹಂಗುಲ್‌ನಲ್ಲಿರಬೇಕು, ಬೇಕಾದಲ್ಲಿ ಸದ್ಯಕ್ಕೆ ಹಂಜಾವನ್ನೂ ಜೊತೆಗೆ ಬರೆಯಬಹುದು ಎಂದು ಕಾನೂನು ಮಾಡಿತು. ಆ 'ಸದ್ಯಕ್ಕೆ' ಹಲವು ದಶಕ ಎಳೆಯಿತು. ಪಾರ್ಕ್ ಚುಂಗ್-ಹೀ ಸರ್ಕಾರ 1970ರಲ್ಲಿ ಹಂಗುಲ್ ಮಾತ್ರವೆಂದು ಬಿಗಿ ಹಿಡಿಯಿತು. ಎರಡೇ ವರ್ಷದಲ್ಲಿ ಮಾಧ್ಯಮಿಕ ಮತ್ತು ಪ್ರೌಢ ಶಾಲೆಗೆ 1,800 ಹಂಜಾಗಳ ಪಟ್ಟಿ ಬಂತು. 1988ರಲ್ಲಿ ಹುಟ್ಟಿದ 'ಹಾನ್‌ಗ್ಯೊರೆ' ದಿನಪತ್ರಿಕೆ ಹಂಜಾ ಇಲ್ಲದೆ, ಮೇಲಿಂದ ಕೆಳಕ್ಕೆ ಬರೆಯುವ ಪದ್ಧತಿಯನ್ನೂ ಬಿಟ್ಟು ಅಡ್ಡ ಸಾಲಿನಲ್ಲಿ ಮುದ್ರಣವಾಯಿತು. ಉಳಿದ ಪತ್ರಿಕೆಗಳೂ ಒಂದೊಂದಾಗಿ ಆ ದಾರಿ ಹಿಡಿದವು. ಇಂದು ತಲೆಬರಹಗಳಲ್ಲಿ ಅಮೆರಿಕ, ಚೀನಾ, ಆಡಳಿತ ಪಕ್ಷ, ವಿರೋಧ ಪಕ್ಷ ಎನ್ನಲು ಒಂದೊಂದು ಹಂಜಾ ಉಳಿದಿದೆ, ಅಷ್ಟೆ. 2005ರ ಭಾಷಾ ಕಾನೂನಿನ ಪ್ರಕಾರ ಸರ್ಕಾರಿ ಬರಹ ಹಂಗುಲ್‌ನದು. ಅಗತ್ಯ ಬಿದ್ದಾಗ ಹಂಜಾ ಕಂಸದೊಳಗೆ ಬರಬಹುದು.

ಈಗ ಹಂಜಾ ಬೇಕೆನ್ನುವವರ ಮಾತು. ಅವರ ಮೊದಲ ವಾದ ಅಪಾಯದ್ದು. ಒಂದೇ ದನಿಯ ಪದಗಳು ಕೆಲವೊಮ್ಮೆ ಸಂಬಂಧವಿಲ್ಲದ ಅರ್ಥಗಳಲ್ಲ, ನೇರ ವಿರುದ್ಧಾರ್ಥಗಳು. 'ಬಾಂಗ್‌ಹ್ವಾ' ಎಂದರೆ ಬೆಂಕಿ ತಡೆಯುವುದು, 'ಬಾಂಗ್‌ಹ್ವಾ' ಎಂದರೆ ಬೆಂಕಿ ಹಚ್ಚುವುದು. 'ಯೊನ್‌ಪೆ' ಎಂದರೆ ಸಾಲು ಸೋಲು, 'ಯೊನ್‌ಪೆ' ಎಂದರೆ ಸಾಲು ಪ್ರಶಸ್ತಿ. ಒಂದು ತಂಡ ಮೂರು 'ಯೊನ್‌ಪೆ' ಕಂಡಿತು ಎಂದರೆ ಅಭಿಮಾನಿ ಕುಣಿಯಬೇಕೋ ಕೊರಗಬೇಕೋ ಆ ಪದ ಹೇಳುವುದಿಲ್ಲ. 'ಬಾಂಗ್‌ಸು' ಎಂದರೆ ನೀರು ತಡೆಯುವುದು, 'ಬಾಂಗ್‌ಸು' ಎಂದರೆ ನೀರು ಬಿಡುವುದು. 2009ರಲ್ಲಿ ದೇಗು-ಬುಸಾನ್ ನಡುವಿನ ಅತಿವೇಗದ ರೈಲು ಮಾರ್ಗದ ಕಾಂಕ್ರೀಟ್ ಸ್ಲೀಪರ್‌ಗಳಲ್ಲಿ ಬಿರುಕು ಕಾಣಿಸಿಕೊಂಡಿತು. ನೀರು ತಡೆಯಬೇಕಾದ ಜಾಗಕ್ಕೆ ನೀರು ಹೀರುವ ವಸ್ತು ತುಂಬಿದ್ದರು, ಅದರೊಳಗಿನ ನೀರು ಚಳಿಗೆ ಹೆಪ್ಪುಗಟ್ಟಿ ಕಾಂಕ್ರೀಟನ್ನು ಸೀಳಿತು. ಹಂಜಾ ಪರರು ಈ ಪ್ರಸಂಗವನ್ನು ಮತ್ತೆ ಮತ್ತೆ ಎತ್ತುತ್ತಾರೆ.

ಎರಡನೆಯದು ಅರ್ಥದ ಆಳ. ಹಂಜಾ ಕಲಿಸುವ ಸಾಂಪ್ರದಾಯಿಕ ಕ್ರಮವೇ ಒಂದು ಪಾಠ. ಪ್ರತಿ ಅಕ್ಷರಕ್ಕೂ ಮೊದಲು ಅಚ್ಚ ಕೊರಿಯನ್ ಅರ್ಥ, ಆಮೇಲೆ ದನಿ. 'ಮುಲ್ ಸು' ಎಂದರೆ ನೀರಿನ ಸು, 'ಸೋನ್ ಸು' ಎಂದರೆ ಕೈಯ ಸು, 'ನಾಮು ಸು' ಎಂದರೆ ಮರದ ಸು. ನೀರಿನ ಸು ಗೊತ್ತಾದ ಮಗುವಿಗೆ ಪ್ರವಾಹವಾದ 'ಹೋಂಗ್‌ಸು', ಸರೋವರವಾದ 'ಹೋಸು', ಈಜಾದ 'ಸುಯೊಂಗ್', ನಲ್ಲಿ ನೀರಿನ 'ಸುದೋ' ಒಂದೇ ಬೇರಿನ ಕೊಂಬೆಗಳಾಗಿ ಕಾಣುತ್ತವೆ. ಕೈಯ ಸು ಗೊತ್ತಾದರೆ ಶಸ್ತ್ರಕ್ರಿಯೆಯಾದ 'ಸುಸುಲ್' ಕೈಚಳಕದ ವಿದ್ಯೆ ಎಂದು ತಿಳಿಯುತ್ತದೆ. ಬೇರು ಗೊತ್ತಿಲ್ಲದ ಮಗು ಇವನ್ನು ಪ್ರತ್ಯೇಕ ದನಿಗಳಾಗಿ ಬಾಯಿಪಾಠ ಮಾಡಬೇಕು. ವಿಜ್ಞಾನ, ಸಮಾಜ ಪಠ್ಯಗಳ ಪಾರಿಭಾಷಿಕ ಪದಗಳೆಲ್ಲ ಈ ಬಗೆಯವೇ ಆಗಿರುವುದರಿಂದ ಮಗುವಿನ ಮೇಲೆ ಬೀಳುವ ಭಾರ ಸಣ್ಣದಲ್ಲ.

ಮೂರನೆಯದು ಹಿಂದಿನವರ ಜೊತೆಗಿನ ನಂಟು. 1910ರಲ್ಲಿ ನೇಣಿಗೇರಿದ ದೇಶಭಕ್ತ ಆನ್ ಜುಂಗ್‌ಗುನ್‌ನನ್ನು ಕೊರಿಯನ್ನರು 'ಉಯ್ಸಾ' ಎಂದು ಗೌರವಿಸುತ್ತಾರೆ, ಧರ್ಮಕ್ಕಾಗಿ ನಿಂತ ವೀರ ಎಂಬ ಅರ್ಥದಲ್ಲಿ. ವೈದ್ಯನಿಗೂ 'ಉಯ್ಸಾ' ಎನ್ನುತ್ತಾರೆ. ಹಂಜಾ ಇಲ್ಲದ ಮಗುವಿಗೆ ಆ ವೀರ ವೈದ್ಯನಾಗಿ ಕಂಡರೆ ತಪ್ಪು ಯಾರದು ಎಂಬುದು ಇವರ ಪ್ರಶ್ನೆ. ಅಜ್ಜನ ಕಾಗದ, ಊರ ಶಾಸನ, ಮನೆತನದ ವಂಶಾವಳಿ, ಅರ್ಧ ಶತಮಾನದ ಹಿಂದಿನ ದಿನಪತ್ರಿಕೆಯನ್ನೂ ಇಂದಿನ ಯುವಕ ಓದಲಾರ. ನಾಲ್ಕನೆಯ ವಾದವನ್ನು ಹಂಗುಲ್ ಪರರು ಅಷ್ಟಾಗಿ ಮುಟ್ಟುವುದಿಲ್ಲ. ಶಾಲೆ ಹಂಜಾ ಕಲಿಸದಿದ್ದರೂ ಉಳ್ಳವರ ಮಕ್ಕಳು ಖಾಸಗಿ ಟ್ಯೂಷನ್‌ನಲ್ಲಿ ಕಲಿಯುತ್ತಾರೆ, ಹಂತ ಹಂತದ ಹಂಜಾ ಪರೀಕ್ಷೆಗಳಿಗೂ ಕೂರುತ್ತಾರೆ. ಶಾಲೆ ಕೈಬಿಟ್ಟದ್ದರ ನಷ್ಟ ಬಡವರ ಮಕ್ಕಳಿಗೆ ಮಾತ್ರ.

ಈ ವಾದಕ್ಕೆ ಕಾವು ಕೊಟ್ಟ ಘಟನೆಯೊಂದು 2022ರ ಆಗಸ್ಟ್‌ನಲ್ಲಿ ನಡೆಯಿತು. ಸಿಯೋಲ್‌ನಲ್ಲಿ ಒಂದು ಕಾರ್ಯಕ್ರಮದ ಬುಕಿಂಗ್ ಎಡವಟ್ಟಿಗೆ ಕ್ಷಮೆ ಕೇಳುತ್ತಾ ಆಯೋಜಕರು 'ಸಿಮ್‌ಸಿಮ್‌ಹಾನ್ ಸಾಗ್ವಾ' ಸಲ್ಲಿಸುತ್ತೇವೆ ಎಂದು ಬರೆದರು. ತುಂಬ ಆಳವಾದ ಕ್ಷಮಾಪಣೆ ಎಂದು ಅವರ ಅರ್ಥ. ಹಲವು ಓದುಗರು ಸಿಟ್ಟಾದರು. ಅವರಿಗೆ ಗೊತ್ತಿದ್ದ 'ಸಿಮ್‌ಸಿಮ್' ಎಂದರೆ ಬೇಸರ, ಸಪ್ಪೆ. ಇವರು ನಮಗೆ ಸಪ್ಪೆ ಕ್ಷಮೆ ಕೇಳುತ್ತಿದ್ದಾರೆಯೇ ಎಂದು ಕೇಳಿದರು. ಇಡೀ ದೇಶದಲ್ಲಿ ಓದುವ ಶಕ್ತಿ ಕುಸಿಯುತ್ತಿದೆ ಎಂಬ ಚರ್ಚೆ ಎದ್ದಿತು. ಇಂದಿನ ದಿನ ಎಂಬರ್ಥದ 'ಗುಮಿಲ್' ಪದವನ್ನು ಶುಕ್ರವಾರವೆಂದು ತಿಳಿದು ಗಡುವು ತಪ್ಪಿಸಿಕೊಂಡವರ ಮಾತೂ ಆಗ ಬಂತು. ಶುಕ್ರವಾರದ ಹೆಸರು 'ಗುಮ್‌ಯೋಯಿಲ್', ಅದೂ 'ಗುಮ್' ಎಂದೇ ತೊಡಗುತ್ತದೆ.

ಹಂಗುಲ್ ಪರರ ಉತ್ತರವೂ ಗಟ್ಟಿಯಾದದ್ದೇ. ಮಾತನಾಡುವಾಗ ಯಾರ ಬಾಯಿಂದಲೂ ಅಕ್ಷರ ಉದುರುವುದಿಲ್ಲ ಎಂಬಲ್ಲಿಂದ ಅವರು ತೊಡಗುತ್ತಾರೆ. ರೇಡಿಯೋ ಸುದ್ದಿ, ನ್ಯಾಯಾಲಯದ ವಾದ, ತರಗತಿಯ ಪಾಠ ಎಲ್ಲ ಬರೀ ದನಿಯಲ್ಲಿ ನಡೆಯುತ್ತವೆ, ಅರ್ಥವೂ ಆಗುತ್ತವೆ. ಕಿವಿಗೆ ಸಾಕಾದದ್ದು ಕಣ್ಣಿಗೆ ಏಕೆ ಸಾಲದು? ಅದೂ ಅಲ್ಲದೆ ಪದಗಳು ಒಂಟಿಯಾಗಿ ಬರುವುದು ಅಪರೂಪ. ಬಾಲಕ್ಕೆ ಇನ್ನೊಂದು ಅಕ್ಷರ ಸೇರಿದ ಕೂಡಲೇ ಸಂಶಯ ಹೋಗುತ್ತದೆ. 'ಬಾಂಗ್‌ಹ್ವಾಬೊಮ್' ಎಂದರೆ ಬೆಂಕಿ ಹಚ್ಚಿದ ಅಪರಾಧಿಯೇ, ಬೆಂಕಿ ತಡೆದವನು ಅಪರಾಧಿಯಾಗಲಾರ. 'ಬಾಂಗ್‌ಹ್ವಾಮುನ್' ಎಂದರೆ ಬೆಂಕಿ ತಡೆಯುವ ಬಾಗಿಲೇ. ಕಂಪ್ಯೂಟರಿಗೆ ಹಾಕುವ ರಕ್ಷಣಾ ಗೋಡೆಗೂ 'ಬಾಂಗ್‌ಹ್ವಾಬ್ಯೊಕ್' ಎನ್ನುತ್ತಾರೆ, ಅದನ್ನು ಬೆಂಕಿ ಹಚ್ಚುವ ಗೋಡೆ ಎಂದು ಯಾರೂ ಓದಿಲ್ಲ. 'ಯೊನ್‌ಪೆ'ಯ ತೊಡಕನ್ನು ಕ್ರೀಡಾ ವರದಿಗಾರರೇ ಬಿಡಿಸಿಕೊಂಡಿದ್ದಾರೆ. ಗೆದ್ದಾಗ 'ಸತತ ಮೂರು ಪ್ರಶಸ್ತಿ' ಎಂದು ಬಿಡಿಸಿ ಬರೆದರೆ ಆಯಿತು.

ಅಪಾಯದ ವಾದಕ್ಕೂ ಅವರಲ್ಲಿ ಮಾತಿದೆ. ರೈಲು ಮಾರ್ಗದ ಬಿರುಕಿಗೆ ಒಂದು ಪದವನ್ನಷ್ಟೇ ಹೊಣೆ ಮಾಡಲಾಗದು. ವಸ್ತು ಆಯ್ದವರು, ಒಪ್ಪಿದವರು, ಪರೀಕ್ಷಿಸಿದವರು ಎಂದು ಹಲವರ ಕೈ ದಾಟಿ ಅದು ಹಳಿಯ ಕೆಳಗೆ ಬಂದದ್ದು. ಅಷ್ಟು ಕಣ್ಣು ತಪ್ಪಿಸಿದ ಎಡವಟ್ಟನ್ನು ಕಂಸದೊಳಗಿನ ಅಕ್ಷರ ತಡೆಯುತ್ತಿತ್ತು ಎಂದು ಯಾರು ಹೇಳಬಲ್ಲರು?

ಓದಿನ ಕುಸಿತಕ್ಕೆ ಹಂಜಾ ಮದ್ದು ಎಂಬ ಮಾತಿಗೆ ಅವರು 2020ರ ಪ್ರಸಂಗ ತೋರಿಸುತ್ತಾರೆ. ಆ ಜುಲೈನಲ್ಲಿ ಸರ್ಕಾರ ಆಗಸ್ಟ್ 17ನ್ನು ರಜೆಯೆಂದು ಘೋಷಿಸಿದಾಗ ಶನಿವಾರ, ಭಾನುವಾರ ಸೇರಿ ಮೂರು ದಿನದ ಬಿಡುವು ಸಿಕ್ಕಿತು. ಪತ್ರಿಕೆಗಳು 'ಸಾಹುಲ್' ರಜೆ ಎಂದು ಬರೆದವು. ಮೂರು ದಿನಕ್ಕೆ ನಾಲ್ಕು ಎಂದು ಬರೆದಿದ್ದೀರಲ್ಲ ಎಂದು ಬಹಳ ಮಂದಿ ಕೇಳಿದರು. ಚೀನೀ ಮೂಲದ ಎಣಿಕೆಯಲ್ಲಿ 'ಸಾ' ಎಂದರೆ ನಾಲ್ಕು. ಆದರೆ 'ಸಾಹುಲ್' ಅಚ್ಚ ಕೊರಿಯನ್ ಪದ: ಹಾರು, ಇತುಲ್, ಸಾಹುಲ್, ನಾಹುಲ್ ಎಂದು ಒಂದು, ಎರಡು, ಮೂರು, ನಾಲ್ಕು ದಿನ. ಇಲ್ಲಿ ತಪ್ಪಿದ್ದು ಹಂಜಾ ಅಲ್ಲ, ತಾಯ್ನುಡಿಯ ಸರಳ ಪದವೇ ಕೈತಪ್ಪಿದೆ. ಓದುವ ರೂಢಿ ಕಡಿಮೆಯಾದದ್ದಕ್ಕೆ ಅಕ್ಷರದ ಮದ್ದು ನಾಟುವುದಿಲ್ಲ ಎಂಬುದು ಅವರ ತೀರ್ಮಾನ.

ಬೇರು ಗೊತ್ತಾದರೆ ಅರ್ಥ ಗೊತ್ತಾಗುತ್ತದೆ ಎಂಬುದನ್ನೂ ಅವರು ಪೂರ್ತಿ ಒಪ್ಪುವುದಿಲ್ಲ. 'ಸಾಗ್ವಾ' ಎಂದರೆ ಕ್ಷಮಾಪಣೆ ಮಾತ್ರವಲ್ಲ, ಸೇಬು ಹಣ್ಣೂ ಹೌದು. ಸೇಬಿನ ಹಂಜಾ ಬಿಡಿಸಿದರೆ 'ಮರಳ ಹಣ್ಣು'. ಅದರಿಂದ ಸೇಬಿನ ಬಗ್ಗೆ ಏನೂ ತಿಳಿಯುವುದಿಲ್ಲ. ಗುರುವಿಗೆ ಹೇಳುವ 'ಸೊನ್‌ಸೆಂಗ್' ಅಕ್ಷರಶಃ 'ಮೊದಲು ಹುಟ್ಟಿದವನು', ಕಿರಿಯ ವಯಸ್ಸಿನ ಶಿಕ್ಷಕಿಯನ್ನೂ ಹಾಗೇ ಕರೆಯುತ್ತಾರೆ. ಕಾನೂನಿನಲ್ಲಿ 'ಸೊನುಯ್' ಎಂದರೆ ಒಂದು ಸಂಗತಿ ತಿಳಿಯದೆ ಇದ್ದ ಸ್ಥಿತಿ, ಅದರ ಅಕ್ಷರಗಳು ಹೇಳುವುದು 'ಒಳ್ಳೆಯ ಮನಸ್ಸು'. ಇಲ್ಲಿ ಬೇರು ದಾರಿ ತೋರುವ ಬದಲು ತಪ್ಪಿಸುತ್ತದೆ.

ಅವರ ಅತಿ ದೊಡ್ಡ ವಾದ ಜನರದ್ದು. 1945ರಲ್ಲಿ ದಕ್ಷಿಣ ಕೊರಿಯಾದಲ್ಲಿ ಅನಕ್ಷರಸ್ಥರ ಪ್ರಮಾಣ ಸುಮಾರು 78% ಇತ್ತು. 1950ರ ದಶಕ ಮುಗಿಯುವ ಹೊತ್ತಿಗೆ, ಸರ್ಕಾರಿ ಲೆಕ್ಕದಂತೆ, ಅದು ಒಂದಂಕಿಗೆ ಇಳಿದಿತ್ತು. ನಡುವೆ ಯುದ್ಧವೂ ಆಗಿಹೋಗಿತ್ತು. ಕೆಲವೇ ವಾರದಲ್ಲಿ ಕಲಿಯಬಲ್ಲ ಲಿಪಿಯಿಲ್ಲದೆ ಇದು ಆಗುತ್ತಿರಲಿಲ್ಲ. ಹಂಜಾ ಬೆರೆತ ಪತ್ರಿಕೆ ಓದಲು ಎರಡು ಸಾವಿರ ಅಕ್ಷರ ಬೇಕು. ಹೊಲದಲ್ಲಿ ದುಡಿದು ರಾತ್ರಿ ಶಾಲೆಗೆ ಬಂದ ಹೆಂಗಸಿಗೆ ಆ ಬಾಗಿಲು ಮುಚ್ಚಿದ್ದು, ಹಂಗುಲ್ ಅದನ್ನು ತೆರೆಯಿತು. ಸ್ಪಷ್ಟತೆಯ ಹೆಸರಿನಲ್ಲಿ ಅದನ್ನು ಮತ್ತೆ ಅರ್ಧ ಮುಚ್ಚಬಾರದು ಎನ್ನುವವರ ಮಾತು ಭಾವುಕತೆಯಲ್ಲ, ಅನುಭವ.

ನೆರೆಯ ದೇಶಗಳೂ ಸ್ವಲ್ಪ ಬೆಳಕು ಕೊಡುತ್ತವೆ. ಜಪಾನ್ ಚೀನೀ ಅಕ್ಷರ ಉಳಿಸಿಕೊಂಡಿದೆ, ಒಂದೇ ದನಿಯ ಪದಗಳು ಅಲ್ಲಿ ಕೊರಿಯಾಕ್ಕಿಂತ ಹೆಚ್ಚು. ವಿಜ್ಞಾನವೂ ರಸಾಯನಶಾಸ್ತ್ರವೂ ಅಲ್ಲಿ 'ಕಾಗಾಕು'. ಬರಹದಲ್ಲಿ ಅಕ್ಷರ ಬಿಡಿಸಿ ಹೇಳುತ್ತದೆ, ಮಾತಿನಲ್ಲಿ ಗೊಂದಲವಾದರೆ ರಸಾಯನಶಾಸ್ತ್ರವನ್ನು 'ಬಾಕೆಗಾಕು' ಎಂದು ಬೇರೆ ರೀತಿ ಓದುತ್ತಾರೆ. ಅಕ್ಷರವಿದ್ದರೂ ಬಾಯಿ ತನ್ನ ದಾರಿ ತಾನು ಹುಡುಕಬೇಕಾಯಿತು. ವಿಯೆಟ್ನಾಂ ಚೀನೀ ಅಕ್ಷರ ಬಿಟ್ಟು ರೋಮನ್ ಲಿಪಿ ಹಿಡಿಯಿತು. ಅದರ ಭಾಷೆಯಲ್ಲಿ ಏರಿಳಿತ ಜೀವಂತವಿರುವುದರಿಂದ, ಲಿಪಿಯೂ ಅದನ್ನು ಗುರುತಿಸುವುದರಿಂದ, ಅಲ್ಲಿ ಬೆರೆತುಹೋದ ಪದಗಳು ಕಡಿಮೆ. ಕೊರಿಯಾದ ಕಷ್ಟ ಇವೆರಡರ ನಡುವಿನದು: ಏರಿಳಿತವೂ ಹೋಯಿತು, ಅಕ್ಷರವೂ ಹೋಯಿತು.

ಕನ್ನಡಿಗರಿಗೆ ಈ ವಾದ ಪೂರ್ತಿ ಹೊಸದಲ್ಲ. ಡಿ.ಎನ್. ಶಂಕರ ಭಟ್ಟರು ಮಹಾಪ್ರಾಣಗಳನ್ನು ಬಿಟ್ಟು ಬರೆಯುವ ಹೊಸಬರಹವನ್ನು ಮುಂದಿಟ್ಟಾಗ, ಧನವೂ ದನವೂ ಒಂದಾದರೆ ಗತಿಯೇನು ಎಂಬ ಆಕ್ಷೇಪ ಎದ್ದಿತು. ಹೆಚ್ಚಿನ ಕನ್ನಡಿಗರು ಮಾತಿನಲ್ಲಿ ಆ ವ್ಯತ್ಯಾಸ ಮಾಡುವುದಿಲ್ಲ ಎಂಬುದು ಭಟ್ಟರ ನಿಲುವಾಗಿತ್ತು. ಎರಡು ಪ್ರಸಂಗಗಳ ಗಾತ್ರ ಬೇರೆ, ನಮ್ಮದು ಹತ್ತು ಅಕ್ಷರಗಳ ಮಾತು, ಅವರದು ಸಾವಿರಾರು. ಆದರೆ ಪ್ರಶ್ನೆ ಒಂದೇ: ಎರವಲು ಬಂದ ಪದದ ಮೂಲವನ್ನು ಬರಹ ಹೊತ್ತುಕೊಂಡು ತಿರುಗಬೇಕೆ?

ಕೊರಿಯಾದಲ್ಲಿ ಈ ಪ್ರಶ್ನೆ ಶಾಲೆಗೂ ಹೋಯಿತು, ನ್ಯಾಯಾಲಯಕ್ಕೂ ಹೋಯಿತು. 2014ರಲ್ಲಿ ಶಿಕ್ಷಣ ಸಚಿವಾಲಯ ಪ್ರಾಥಮಿಕ ಪಠ್ಯಗಳಲ್ಲಿ ಹಂಜಾ ಸೇರಿಸುವ ಯೋಜನೆ ಪ್ರಕಟಿಸಿತು. 2016ರ ಕೊನೆಗೆ ಅದು ಒಂದು ರೂಪಕ್ಕೆ ಬಂತು: ಐದು, ಆರನೇ ತರಗತಿಯ ಪುಸ್ತಕದ ಅಂಚಿನಲ್ಲಿ, 300 ಹಂಜಾಗಳ ಮಿತಿಯಲ್ಲಿ, ದನಿ ಮತ್ತು ಅರ್ಥದ ಟಿಪ್ಪಣಿ, 2019ರಿಂದ. ಮಕ್ಕಳ ಹೊರೆ ಹೆಚ್ಚುತ್ತದೆ, ಟ್ಯೂಷನ್ ವ್ಯಾಪಾರ ಬೆಳೆಯುತ್ತದೆ ಎಂದು ವಿರೋಧ ಬಂದು, ಜಾರಿಗೆ ಮುನ್ನವೇ ಯೋಜನೆಯನ್ನು ಕೈಬಿಡಲಾಯಿತು. ಅದೇ 2016ರ ನವೆಂಬರ್‌ನಲ್ಲಿ ಸಂವಿಧಾನ ನ್ಯಾಯಾಲಯ, ಸರ್ಕಾರಿ ಬರಹ ಹಂಗುಲ್‌ನಲ್ಲಿರಬೇಕೆಂಬ ನಿಯಮ ಸಂವಿಧಾನಬದ್ಧವೆಂದು ಒಮ್ಮತದಿಂದ ತೀರ್ಪಿತ್ತಿತು. ಚೀನೀ ಮೂಲದ ಪದಗಳ ಅರ್ಥ ಬಹುಪಾಲು ಹಿಂದು-ಮುಂದಿನ ಮಾತಿನಿಂದಲೇ ತಿಳಿಯುತ್ತದೆ ಎಂಬುದು ಅದರ ಕಾರಣಗಳಲ್ಲಿ ಒಂದು.

ಎರಡೂ ಕಡೆಯನ್ನು ತೂಗಿದಾಗ ನನಗೆ ಕಾಣುವುದು, ಎರಡು ಬೇರೆ ಪ್ರಶ್ನೆಗಳನ್ನು ಒಂದೇ ಗಂಟಿಗೆ ಕಟ್ಟಿದ್ದಾರೆ ಎಂಬುದು. ಪುಟದ ಮೇಲೆ ಏನಿರಬೇಕು ಎಂಬುದು ಒಂದು ಪ್ರಶ್ನೆ. ತರಗತಿಯಲ್ಲಿ ಏನು ಕಲಿಸಬೇಕು ಎಂಬುದು ಇನ್ನೊಂದು.

ಪುಟದ ವಿಚಾರದಲ್ಲಿ ಹಂಗುಲ್ ಪರರ ಮಾತೇ ಸರಿ. ಒಂದೇ ದನಿಯ ಪದಗಳಲ್ಲಿ ನಿಜವಾಗಿ ಗೊಂದಲ ಮಾಡುವವು ಬೆರಳೆಣಿಕೆಯವು. ಬೆರಳೆಣಿಕೆಯ ಪದಗಳಿಗಾಗಿ ಎರಡು ಸಾವಿರ ಅಕ್ಷರಗಳ ಬೇಲಿಯನ್ನು ಓದುಗನ ಮುಂದೆ ಮತ್ತೆ ಎಬ್ಬಿಸುವುದು ನ್ಯಾಯವಲ್ಲ. ಹಂಜಾ ಪರರು ಕೊಡುವ ಅತ್ಯಂತ ಬಲವಾದ ಉದಾಹರಣೆಗಳನ್ನೇ ನೋಡಿ: 'ಬಾಂಗ್‌ಸು', 'ಬಾಂಗ್‌ಹ್ವಾ', 'ಯೊನ್‌ಪೆ'. ಅವೆಲ್ಲ ಕೇಳಿದಾಗಲೂ ಗೊಂದಲವೇ. ನಿರ್ಮಾಣದ ಜಾಗದಲ್ಲಿ ಮೇಸ್ತ್ರಿ ಕೂಗಿ ಹೇಳಿದಾಗ ಕಂಸದೊಳಗಿನ ಅಕ್ಷರ ಯಾರಿಗೂ ಕಾಣುವುದಿಲ್ಲ. ಕಿವಿಯಲ್ಲಿ ಸೋಲುವ ಪದವನ್ನು ಕಣ್ಣಿಗೆ ಅಕ್ಷರ ಕಟ್ಟಿ ಉಳಿಸುವುದಕ್ಕಿಂತ ಪದವನ್ನೇ ಬದಲಿಸುವುದು ಮೇಲು. ನೀರು ತಡೆಯುವುದಕ್ಕೂ ಬೆಂಕಿ ಹಚ್ಚುವುದಕ್ಕೂ ಕೊರಿಯನ್ ಭಾಷೆಯಲ್ಲಿ ಸ್ವಂತ ಕ್ರಿಯಾಪದಗಳಿವೆ.

ತರಗತಿಯ ವಿಚಾರದಲ್ಲಿ ಹಂಜಾ ಪರರ ಮಾತಿಗೆ ತೂಕ ಹೆಚ್ಚು. ಭಾಷೆಯ ಅರ್ಧದಷ್ಟು ಪದಗಳು ಯಾವ ತುಣುಕುಗಳಿಂದ ಆದವು ಎಂದು ಹೇಳದೆ ಮಕ್ಕಳನ್ನು ದೊಡ್ಡವರಾಗಿಸುವುದು ಅವರ ಕೈಗೆ ಬರಬೇಕಾದ ಸೊತ್ತನ್ನು ತಡೆದಂತೆ. ಸೇಬಿನಂಥ ಪದಗಳಲ್ಲಿ ಬೇರು ಏನೂ ಹೇಳುವುದಿಲ್ಲ ನಿಜ, ಆದರೆ ಪಠ್ಯಪುಸ್ತಕದ ಪಾರಿಭಾಷಿಕ ಪದಗಳಲ್ಲಿ ಬಹುಮಟ್ಟಿಗೆ ಹೇಳುತ್ತದೆ. ಇದಕ್ಕೆ ಸಾವಿರಾರು ಅಕ್ಷರಗಳನ್ನು ತಿದ್ದಿ ತಿದ್ದಿ ಬರೆಯಬೇಕಿಲ್ಲ. 'ಮುಲ್ ಸು, ಸೋನ್ ಸು' ಎಂಬ ಹಳೆಯ ಕ್ರಮದಲ್ಲಿ ಅರ್ಥ ಮತ್ತು ದನಿಯ ನಂಟನ್ನು ಕೊರಿಯನ್ ಭಾಷೆಯ ಪಾಠದೊಳಗೇ ಹಂಗುಲ್‌ನಲ್ಲೇ ಹೇಳಿಕೊಡಬಹುದು. ಕೆಲವು ನೂರು ತುಣುಕುಗಳು ಸಾಕು. ಅಕ್ಷರದ ಆಕಾರವನ್ನು ಗುರುತು ಹಿಡಿದರೆ ಸರಿ, ಬರೆದು ತೋರಿಸಬೇಕೆಂಬ ಒತ್ತಾಯವಾಗಲೀ ಅಂಕದ ಹೆದರಿಕೆಯಾಗಲೀ ಬೇಡ. ಹೀಗೆ ಶಾಲೆಯಲ್ಲಿ ಎಲ್ಲರಿಗೂ ಸಿಕ್ಕಿದರೆ ಟ್ಯೂಷನ್‌ಗೆ ಹಣ ಕಟ್ಟಬಲ್ಲವರ ಮೇಲುಗೈಯೂ ತಗ್ಗುತ್ತದೆ. ಹಳೆಯ ಕಾಗದ, ಶಾಸನ, ಕಾನೂನಿನ ಆಳಕ್ಕೆ ಇಳಿಯುವವರು ಮುಂದೆ ಹಂಜಾವನ್ನು ಪೂರ್ತಿ ಕಲಿಯಲಿ, ಅದಕ್ಕೆ ಕಾಲೇಜುಗಳಲ್ಲಿ ಒಳ್ಳೆಯ ಏರ್ಪಾಡಿರಲಿ.

ಎರಡೂ ಪಕ್ಷ ಮರೆಯುವ ಮೂರನೆಯ ಹೊಣೆಗಾರನೊಬ್ಬನಿದ್ದಾನೆ, ಬರೆಯುವವನು. 'ಸಿಮ್‌ಸಿಮ್‌ಹಾನ್' ಅರ್ಥವಾಗದ ಯುವಕರನ್ನು ದಡ್ಡರೆಂದು ಬೈದವರು ಬಹಳ. 'ಆಳವಾದ' ಎನ್ನಲು ಎಲ್ಲರೂ ಬಲ್ಲ ಕೊರಿಯನ್ ಪದವಿರುವಾಗ ಸವಕಲು ಪದವನ್ನೇ ಏಕೆ ಬರೆಯಬೇಕು ಎಂದು ಕೇಳಿದವರು ಕಡಿಮೆ. ಕ್ಷಮೆ ಕೇಳುವ ಮಾತು ನೊಂದವನಿಗೆ ಅರ್ಥವಾಗಲೇಬೇಕು. ಅರ್ಥವಾಗದಿದ್ದರೆ ಮೊದಲ ತಪ್ಪು ಬರೆದವನದು, ಓದಿದವನದು ಆಮೇಲೆ. ಹಾಗೆಂದು ಓದುಗನೂ ಕೈಕಟ್ಟಿ ಕೂರುವಂತಿಲ್ಲ. ಗೊತ್ತಿಲ್ಲದ ಪದ ಕಂಡಾಗ ಸಿಟ್ಟಾಗುವ ಮೊದಲು ನಿಘಂಟು ತೆರೆಯುವುದು ಅವನ ಪಾಲಿನ ಕೆಲಸ.

ಸರ್ಕಾರಿ ಸೂಚನೆ, ಔಷಧಿಯ ಚೀಟಿ, ಯಂತ್ರದ ಕೈಪಿಡಿ, ಸೇತುವೆಯ ನಕ್ಷೆ ಬರೆಯುವವರಿಗೆ ಒಂದು ನಿಯಮ ಸಾಕು: ಗಟ್ಟಿಯಾಗಿ ಓದಿದಾಗ ಎರಡು ಅರ್ಥ ಬರುವ ಪದವಿದ್ದರೆ ಅದನ್ನು ತೆಗೆದು ಒಂದೇ ಅರ್ಥದ ಪದ ಹಾಕಿ. ಈ ನಿಯಮ ಕೊರಿಯನ್ನರಿಗೆ ಮಾತ್ರವಲ್ಲ, ಕನ್ನಡದಲ್ಲಿ ಆದೇಶ, ನಮೂನೆ, ಪಠ್ಯ ಬರೆಯುವವರಿಗೂ ಸಲ್ಲುತ್ತದೆ. ಪುಟಕ್ಕೆ ಹಂಗುಲ್, ಪಾಠಕ್ಕೆ ಬೇರು, ಬರೆಯುವವನಿಗೆ ಹೊಣೆ. ಎರಡು ಪಕ್ಷಗಳ ವಾದವನ್ನೂ ಕೇಳಿದ ಮೇಲೆ ನನ್ನ ತೀರ್ಮಾನ ಇದು.